ಅದಬ್ ಎಂದರೆ ಮೌನವೇ? ಇಸ್ಲಾಮೀ ಶಿಕ್ಷಣ ಪರಂಪರೆಯಲ್ಲಿ ಗುರು-ಶಿಷ್ಯ ಸಂವಾದ

ನಾನು ಬಿ.ಎಡ್. ಮುಗಿಸಿ ಶಿಕ್ಷಕನಾಗಿ ಸೇರಿದ ಮೊದಲ ವರ್ಷದ ಮಾತು. ಉರ್ದು ಮಾಧ್ಯಮದ ಎಂಟನೇ ತರಗತಿಯ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ತನ್ನ ನೋಟ್ ಪುಸ್ತಕದಲ್ಲಿ ‘ತಂದೆ ಊರಿಗೆ ಹೋದನು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ಹೋದರು’ ಎಂದು ತಿದ್ದಿದೆ. ಅವನು ಎದ್ದು ನಿಂತು, “ಸರ್, ತಂದೆ ಒಬ್ಬರೇ ಅಲ್ವಾ? ಮತ್ತೆ ಬಹುವಚನ ಯಾಕೆ?” ಎಂದು ಕೇಳಿದ. ಪರೀಕ್ಷೆ ಹತ್ತಿರ ಬಂದಿತ್ತು, ಪಾಠಗಳು ಇನ್ನೂ ಉಳಿದಿದ್ದವು. “ಹೇಳಿದಷ್ಟು ಬರ್ಕೊ. ಎದುರು ಮಾತಾಡ್ತೀಯಾ? ಅದಬ್ ಇಲ್ವಾ ನಿಂಗೆ?” ಎಂದು ಗದರಿಸಿ ಕೂರಿಸಿದೆ. ಇಡೀ ತರಗತಿ ನಕ್ಕಿತು. ಅವನು ಆ ವರ್ಷ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಮರುವರ್ಷ ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿಕೊಂಡ.

ನನ್ನ ಒಂದು ಮಾತಿನಿಂದಲೇ ಅವನು ಶಾಲೆ ಬಿಟ್ಟ ಎಂದು ನಾನು ಹೇಳಲಾರೆ. ಮನೆಯಲ್ಲಿ ಬಡತನವಿತ್ತು. ಆದರೆ ಶಾಲೆ ಬಿಡುವ ಮೊದಲೇ ಅವನ ಮನಸ್ಸು ಪಾಠದಿಂದ ಹೊರಗೆ ಹೋಗಿತ್ತು, ಆ ಬಾಗಿಲು ತೆರೆದವನು ನಾನೇ ಎಂಬ ಅಳುಕು ಇಂದಿಗೂ ನನ್ನಲ್ಲಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಾನು ಬಳಸಿದ ಆ ಒಂದು ಪದ, ‘ಅದಬ್’. ನಮ್ಮ ಮನೆಗಳಲ್ಲಿ, ಮದರಸಾಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಅದಬನ್ನು. ಗುರುಹಿರಿಯರ ಮುಂದೆ ವಿನಯದಿಂದಿರುವುದು ಒಳ್ಳೆಯ ಗುಣವೇ ಸರಿ. ಆದರೆ ಅದಬ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಾವು ಎಂದು ತೀರ್ಮಾನಿಸಿದೆವು? ಇಸ್ಲಾಮೀ ಶಿಕ್ಷಣದ ಇತಿಹಾಸ ಈ ಬಗ್ಗೆ ಏನು ಹೇಳುತ್ತದೆ? ಈ ಲೇಖನದಲ್ಲಿ ಅದನ್ನು ನೋಡುವ ಒಂದು ಸಣ್ಣ ಪ್ರಯತ್ನ ಮಾಡಿದ್ದೇನೆ.

ಮದೀನಾದ ಮೊದಲ ಪಾಠಶಾಲೆ

ಮದೀನಾದ ಮಸ್ಜಿದುನ್ನಬವಿಯ ಒಂದು ಬದಿಯಲ್ಲಿ ನೆರಳಿಗೆಂದು ಮಾಡಿದ ಒಂದು ಜಗಲಿ ಇತ್ತು. ಅದಕ್ಕೆ ಸುಫ್ಫಾ ಎಂದು ಹೆಸರು. ಮನೆಮಠವಿಲ್ಲದ ಬಡ ಸಹಾಬಿಗಳು ಅಲ್ಲಿಯೇ ಮಲಗಿ, ಸಿಕ್ಕಿದ್ದನ್ನು ಹಂಚಿಕೊಂಡು ತಿಂದು, ಪ್ರವಾದಿವರ್ಯರಿಂದ (ಸ) ನೇರವಾಗಿ ಕಲಿಯುತ್ತಿದ್ದರು. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಹಝ್ರತ್ ಅಬೂ ಹುರೈರಾ (ರ) ಈ ಸುಫ್ಫಾದ ವಿದ್ಯಾರ್ಥಿ. ಇಸ್ಲಾಮೀ ಇತಿಹಾಸದ ಮೊದಲ ವಸತಿ ಶಾಲೆ ಇದು ಎಂದರೆ ತಪ್ಪಾಗಲಾರದು.

ಆ ಸಭೆಯಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇಮಾಮ್ ಬುಖಾರಿಯವರ (810-870) ಹದೀಸ್ ಸಂಗ್ರಹದ ‘ಜ್ಞಾನದ ಅಧ್ಯಾಯ’ದಲ್ಲಿ ಹಲವು ಚಿತ್ರಗಳಿವೆ. ಒಮ್ಮೆ ಪ್ರವಾದಿಯವರು (ಸ) ಅನುಚರರಿಗೆ ಒಂದು ಒಗಟು ಹಾಕಿದರು. ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದು? ಎಲ್ಲರ ಯೋಚನೆಯೂ ಕಾಡಿನ ಮರಗಳ ಕಡೆಗೆ ಹೋಯಿತು. ಸಭೆಯಲ್ಲಿದ್ದ ಬಾಲಕ ಅಬ್ದುಲ್ಲಾ ಇಬ್ನ್ ಉಮರ್ (ರ) ಅವರಿಗೆ ಅದು ಖರ್ಜೂರದ ಮರವೆಂದು ಹೊಳೆಯಿತು. ಆದರೆ ಹಿರಿಯರೆಲ್ಲ ಸುಮ್ಮನಿರುವಾಗ ತಾನು ಹೇಗೆ ಮಾತನಾಡುವುದು ಎಂಬ ನಾಚಿಕೆಯಿಂದ ಸುಮ್ಮನಾದರು. ಕೊನೆಗೆ ಪ್ರವಾದಿಯವರೇ (ಸ) ಉತ್ತರ ಹೇಳಿದರು. ನಂತರ ಮಗ ಈ ವಿಷಯವನ್ನು ತಂದೆ ಹಝ್ರತ್ ಉಮರ್ (ರ) ಅವರಿಗೆ ಹೇಳಿದಾಗ ಅವರು “ಹಿರಿಯರ ಮುಂದೆ ಸುಮ್ಮನಿದ್ದೆಯಲ್ಲ, ಒಳ್ಳೆಯದಾಯಿತು” ಎನ್ನಲಿಲ್ಲ. ನೀನು ಹೇಳಿಬಿಟ್ಟಿದ್ದರೆ ನನಗೆ ಬಹಳ ಸಂತೋಷವಾಗುತ್ತಿತ್ತು ಎಂಬ ಅರ್ಥದ ಮಾತನ್ನೇ ಆಡಿದರು.

ಶಿಕ್ಷಕರಾದ ನಾವು ಈ ಘಟನೆಯನ್ನು ನಿಧಾನವಾಗಿ ಓದಬೇಕು. ಗುರು ನೇರವಾಗಿ ವಿಷಯ ಹೇಳಿ ಮುಗಿಸದೆ ಪ್ರಶ್ನೆಯಿಂದ ಆರಂಭಿಸಿದರು. ಉದಾಹರಣೆಯನ್ನು ಕೇಳುಗರ ಊರಿನಿಂದಲೇ ಆರಿಸಿಕೊಂಡರು. ಮದೀನಾದ ಮಗುವಿಗೆ ಖರ್ಜೂರದ ಮರ ಎಂದರೆ ನಮ್ಮ ಮಕ್ಕಳಿಗೆ ಬೇವಿನ ಮರ ಇದ್ದಂತೆ. ಬಿ.ಎಡ್. ತರಗತಿಗಳಲ್ಲಿ ನಾವು ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂದು ಬಾಯಿಪಾಠ ಮಾಡಿದ ಸೂತ್ರ ಇಲ್ಲಿ ಆಚರಣೆಯಲ್ಲಿದೆ.

ಅದೇ ಅಧ್ಯಾಯದಲ್ಲಿ ಇನ್ನೂ ಎರಡು ವಿಷಯಗಳು ನಮ್ಮ ಗಮನ ಸೆಳೆಯುತ್ತವೆ. ಹಝ್ರತ್ ಅಬ್ದುಲ್ಲಾ ಇಬ್ನ್ ಮಸ್‌ಊದ್ (ರ) ವಾರಕ್ಕೊಮ್ಮೆ, ಗುರುವಾರ ಮಾತ್ರ ಉಪದೇಶ ಮಾಡುತ್ತಿದ್ದರು. ದಿನವೂ ಮಾಡಬಾರದೇ ಎಂದು ಒಬ್ಬರು ಕೇಳಿದಾಗ, ನಿಮಗೆ ಬೇಸರ ಬರಿಸಲು ನನಗೆ ಇಷ್ಟವಿಲ್ಲ, ಪ್ರವಾದಿಯವರೂ (ಸ) ನಮಗೆ ಬೇಸರವಾದೀತೆಂದು ಬಿಡುವು ಕೊಟ್ಟು ಬೋಧಿಸುತ್ತಿದ್ದರು ಎಂಬ ಕಾರಣ ನೀಡಿದರು. ಕಲಿಯುವವನ ಬೇಸರವನ್ನು ಅಪರಾಧವೆಂದು ಎಣಿಸದೆ, ಅದು ಕಲಿಸುವವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ ಎಂದು ತಿಳಿದ ಗುರುಗಳು ಅವರು. ಎರಡನೆಯದು, ಪುರುಷರ ಗುಂಪಿನಿಂದಾಗಿ ತಮಗೆ ಅವಕಾಶ ಸಿಗುತ್ತಿಲ್ಲವೆಂದು ಮಹಿಳೆಯರು ಪ್ರವಾದಿಯವರ (ಸ) ಬಳಿ ಹೇಳಿಕೊಂಡಾಗ ಅವರಿಗಾಗಿಯೇ ಒಂದು ದಿನ ಗೊತ್ತುಮಾಡಲಾಯಿತು. ಧರ್ಮವನ್ನು ಅರಿಯುವುದರಲ್ಲಿ ನಾಚಿಕೆಯನ್ನು ಅಡ್ಡ ತಂದುಕೊಳ್ಳದ ಅನ್ಸಾರೀ ಮಹಿಳೆಯರನ್ನು ಹಝ್ರತ್ ಆಯಿಶಾ (ರ) ಮೆಚ್ಚಿಕೊಂಡದ್ದು ಪ್ರಸಿದ್ಧವಾಗಿದೆ.

ಗುರುವನ್ನು ಒಪ್ಪದ ಶಿಷ್ಯರು

ಎರಡನೇ ಹಿಜರಿ ಶತಮಾನದ ಕೂಫಾ ನಗರಕ್ಕೆ ಬರೋಣ. ಇಮಾಮ್ ಅಬೂ ಹನೀಫಾ (ರ) (699-767) ರೇಷ್ಮೆ ಬಟ್ಟೆಯ ವ್ಯಾಪಾರಿ. ಅವರ ಪಾಠದ ವಲಯದಲ್ಲಿ ಗುರು ಹೇಳುವುದು, ಶಿಷ್ಯರು ಬರೆದುಕೊಳ್ಳುವುದು ಎಂಬ ಕ್ರಮವಿರಲಿಲ್ಲ. ಒಂದು ಸಮಸ್ಯೆಯನ್ನು ಮುಂದಿಟ್ಟರೆ ಶಿಷ್ಯರು ಪರ-ವಿರೋಧ ವಾದಿಸುತ್ತಿದ್ದರು. ಕೆಲವೊಮ್ಮೆ ಚರ್ಚೆ ದಿನಗಟ್ಟಲೆ ನಡೆಯುತ್ತಿತ್ತು. ಅವರ ಪ್ರಮುಖ ಶಿಷ್ಯ ಅಬೂ ಯೂಸುಫ್ (ರ) ಗುರುಗಳ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಳ್ಳುವುದನ್ನು ಕಂಡು, ಎಲ್ಲವನ್ನೂ ಬರೆಯಬೇಡ, ಇಂದಿನ ನನ್ನ ಅಭಿಪ್ರಾಯವನ್ನು ನಾಳೆ ನಾನೇ ಬಿಡಬಹುದು ಎಂಬಂತೆ ಎಚ್ಚರಿಸಿದ್ದು ಗ್ರಂಥಗಳಲ್ಲಿ ದಾಖಲಾಗಿದೆ. ತಾನೂ ತಪ್ಪಬಹುದೆಂದು ಶಿಷ್ಯನ ಮುಂದೆ ಒಪ್ಪಿಕೊಳ್ಳುವ ಗುರು ಎಂಥವರು!

ಅಬೂ ಯೂಸುಫ್ (ರ) ಕಡುಬಡವರ ಮಗ. ಹೊಟ್ಟೆಪಾಡಿಗೆ ದುಡಿಯುವುದನ್ನು ಬಿಟ್ಟು ಪಾಠಕ್ಕೆ ಹೋಗುವುದನ್ನು ಮನೆಯವರು ತಡೆದರು. ಕೆಲವು ದಿನ ಶಿಷ್ಯ ಬಾರದಿದ್ದುದನ್ನು ಗಮನಿಸಿದ ಅಬೂ ಹನೀಫಾ (ರ) ಕಾರಣ ವಿಚಾರಿಸಿದರು. ವಿಷಯ ತಿಳಿದು ಹಣದ ಚೀಲ ಕೊಟ್ಟು, ಪಾಠ ಬಿಡಬೇಡ, ಮುಗಿದಾಗ ತಿಳಿಸು ಎಂದರು. ಆದರೆ ತಿಳಿಸುವ ಸಂದರ್ಭವೇ ಬರಲಿಲ್ಲ, ಮುಗಿಯುವ ಹೊತ್ತಿಗೆ ಮತ್ತೆ ಹಣ ಬರುತ್ತಿತ್ತು ಎಂದು ಚರಿತ್ರಕಾರರು ಬರೆದಿದ್ದಾರೆ. ಈ ಬಡ ಶಿಷ್ಯನೇ ಮುಂದೆ ಖಲೀಫ ಹಾರೂನ್ ರಶೀದರ ಕಾಲದಲ್ಲಿ ಸಾಮ್ರಾಜ್ಯದ ಮುಖ್ಯ ಖಾಝಿಯಾದರು. ಭೂಕಂದಾಯದ ಕುರಿತ ಅವರ ‘ಕಿತಾಬುಲ್ ಖರಾಜ್’ ಇಂದಿಗೂ ಅಧ್ಯಯನಕ್ಕೆ ಒಳಗಾಗುತ್ತಿದೆ.

ಇನ್ನೂ ಮುಖ್ಯ ವಿಷಯವೆಂದರೆ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಶೈಬಾನಿ (ರ) ಹಲವಾರು ವಿಷಯಗಳಲ್ಲಿ ಗುರುವಿಗಿಂತ ಭಿನ್ನ ಅಭಿಪ್ರಾಯ ತಾಳಿದರು. ಹನಫೀ ಗ್ರಂಥಗಳು ಗುರುವಿನ ಅಭಿಪ್ರಾಯದ ಪಕ್ಕದಲ್ಲಿಯೇ ಇವರಿಬ್ಬರ ಭಿನ್ನಮತವನ್ನೂ ಗೌರವದಿಂದ ದಾಖಲಿಸುತ್ತ ಬಂದಿವೆ. ಹಾಗೆಂದು ಅವರನ್ನು ಅದಬ್ ಇಲ್ಲದ ಶಿಷ್ಯರೆಂದು ಯಾರೂ ಕರೆದಿಲ್ಲ. ಇಮಾಮ್ ಶಾಫಿಈ (ರ) (767-820) ಅವರದ್ದೂ ಇದೇ ಮಾತು. ಮಕ್ಕಾದಲ್ಲಿ ಬಾಲಕನಾಗಿದ್ದಾಗ ಗುರುವಿಗೆ ಶುಲ್ಕ ಕೊಡುವ ಶಕ್ತಿ ಅವರ ವಿಧವೆ ತಾಯಿಗೆ ಇರಲಿಲ್ಲ. ಗುರು ಇಲ್ಲದಾಗ ಉಳಿದ ಮಕ್ಕಳನ್ನು ನೋಡಿಕೊಂಡು ಪಾಠ ಹೇಳಿಕೊಡುವುದನ್ನೇ ಶುಲ್ಕವೆಂದು ಗುರು ಒಪ್ಪಿಕೊಂಡರು. ನಂತರ ಮದೀನಾದಲ್ಲಿ ಇಮಾಮ್ ಮಾಲಿಕ್ (ರ) ಅವರ ಶಿಷ್ಯರಾದರು, ಮುಂದೆ ಗುರುವಿಗಿಂತ ಬೇರೆಯಾದ ತಮ್ಮದೇ ಪಂಥಕ್ಕೆ ಕಾರಣರಾದರು, ಆದರೂ ಗುರುವಿನ ಮೇಲಿನ ಗೌರವವನ್ನು ಕೊನೆಯವರೆಗೂ ಬಿಡಲಿಲ್ಲ. ಅದಬ್ ಮತ್ತು ಪ್ರಶ್ನೆ ಒಂದೇ ಮನೆಯಲ್ಲಿ ಬಾಳಿದ ಕಾಲ ಅದು.

ಬೆತ್ತದ ಬಗ್ಗೆ ಬರೆದವರು

ಎಲ್ಲ ಕಡೆಯೂ ಇಂಥ ಗುರುಗಳೇ ಇದ್ದರು ಎಂದು ಭಾವಿಸಿದರೆ ನಾವು ಇತಿಹಾಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಮಕ್ಕಳ ಪ್ರಾಥಮಿಕ ಶಾಲೆಯಾದ ‘ಕುತ್ತಾಬ್’ಗಳಲ್ಲಿ ಬೆತ್ತ ಇದ್ದೇ ಇತ್ತು. ಇಲ್ಲದಿದ್ದರೆ ಅದರ ಬಗ್ಗೆ ಗ್ರಂಥ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ಇಂದಿನ ಟುನೀಶಿಯಾದಲ್ಲಿರುವ ಖೈರವಾನ್ ನಗರದ ಮುಹಮ್ಮದ್ ಇಬ್ನ್ ಸಹನೂನ್ (817-870) ಶಿಕ್ಷಕರ ನಡವಳಿಕೆಯ ಕುರಿತೇ ‘ಆದಾಬುಲ್ ಮುಅಲ್ಲಿಮೀನ್’ ಎಂಬ ಗ್ರಂಥ ಬರೆದರು. ಈ ವಿಷಯದ ಅತ್ಯಂತ ಹಳೆಯ ಅರಬೀ ಗ್ರಂಥಗಳಲ್ಲಿ ಇದು ಒಂದು. ಶಿಕ್ಷೆಗೆ ಮೂರು ಏಟಿನ ಮಿತಿ, ತಲೆ ಮತ್ತು ಮುಖಕ್ಕೆ ಹೊಡೆಯಬಾರದೆಂಬ ನಿಷೇಧ, ಶ್ರೀಮಂತರ ಮಕ್ಕಳನ್ನೂ ಬಡವರ ಮಕ್ಕಳನ್ನೂ ಸಮನಾಗಿ ಕಾಣಬೇಕೆಂಬ ನಿಯಮ ಅದರಲ್ಲಿವೆ. ಗಮನಿಸಿ, ‘ಆದಾಬ್’ ಎಂಬುದು ‘ಅದಬ್’ ಪದದ ಬಹುವಚನ. ಇಲ್ಲಿ ಅದಬನ್ನು ಶಿಷ್ಯನಿಗಲ್ಲ, ಶಿಕ್ಷಕನಿಗೆ ವಿಧಿಸಲಾಗಿದೆ.

ಇಮಾಮ್ ಗಝಾಲಿ (ರ) (1058-1111) ಈ ವಿಷಯವನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಅವರ ಬಾಲ್ಯವೇ ಕಲಿಕೆಯ ಪ್ರೇರಣೆಯ ಬಗ್ಗೆ ಒಂದು ಪಾಠ. ತಂದೆ ತೀರಿಕೊಂಡ ಮೇಲೆ ಅವರನ್ನೂ ತಮ್ಮ ಅಹ್ಮದರನ್ನೂ ನೋಡಿಕೊಳ್ಳುತ್ತಿದ್ದ ಒಬ್ಬ ಸೂಫಿ, ಕೈಯಲ್ಲಿದ್ದ ಹಣ ಮುಗಿದಾಗ, ಮದರಸಾ ಸೇರಿಕೊಳ್ಳಿ, ಅಲ್ಲಿ ಊಟವಾದರೂ ಸಿಗುತ್ತದೆ ಎಂದು ಸಲಹೆ ಕೊಟ್ಟರು. ಊಟಕ್ಕಾಗಿ ಮದರಸಾ ಸೇರಿದ ಹುಡುಗನನ್ನು ನಿಝಾಮುಲ್ ಮುಲ್ಕ್ 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದರಸಾದ ಪ್ರಾಧ್ಯಾಪಕನಾಗಿ ನೇಮಿಸಿದರು. ತಾವು ಬೇರೆ ಉದ್ದೇಶದಿಂದ ಜ್ಞಾನವನ್ನು ಹುಡುಕಿಕೊಂಡು ಹೋದರೂ ಜ್ಞಾನವು ತಮ್ಮನ್ನು ಅಲ್ಲಾಹನ ಕಡೆಗೇ ಒಯ್ದಿತು ಎಂದು ಗಝಾಲಿ ನಂತರ ನೆನೆಯುತ್ತಿದ್ದರು. ಬಿಸಿಯೂಟಕ್ಕಾಗಿ ಶಾಲೆಗೆ ಬರುವ ಮಗುವನ್ನು ಹಗುರವಾಗಿ ಕಾಣುವವರು ಈ ಘಟನೆಯನ್ನು ನೆನಪಿಡಬೇಕು. ಪ್ರೇರಣೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಮುಖ್ಯವಲ್ಲ, ಗುರು ಅದನ್ನು ಎಲ್ಲಿಗೆ ತಲುಪಿಸುತ್ತಾನೆ ಎಂಬುದು ಮುಖ್ಯ.

ಅವರ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ಮೊದಲ ಭಾಗವೇ ಜ್ಞಾನದ ಕುರಿತಾದದ್ದು. ಅಲ್ಲಿ ಶಿಷ್ಯನ ಕರ್ತವ್ಯಗಳ ಜೊತೆಗೆ ಗುರುವಿನ ಕರ್ತವ್ಯಗಳನ್ನೂ ಪಟ್ಟಿ ಮಾಡಿದ್ದಾರೆ. ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣಬೇಕು. ತಪ್ಪನ್ನು ಎಲ್ಲರೆದುರು ಬಯಲು ಮಾಡದೆ ಸೂಚ್ಯವಾಗಿ ತಿದ್ದಬೇಕು, ಏಕೆಂದರೆ ಬಹಿರಂಗವಾಗಿ ಹೀಯಾಳಿಸಿದರೆ ಮರ್ಯಾದೆಯ ಪರದೆ ಹರಿದುಹೋಗಿ ಶಿಷ್ಯ ಹಟಮಾರಿಯಾಗುತ್ತಾನೆ. ಶಿಷ್ಯನ ಗ್ರಹಣಶಕ್ತಿಗೆ ತಕ್ಕಷ್ಟೇ ಹೇಳಬೇಕು. ತಾನು ಕಲಿಸುವ ವಿಷಯವೇ ದೊಡ್ಡದೆಂದು ಇತರ ವಿಷಯಗಳನ್ನು ಹಳಿಯಬಾರದು. ಅದೇ ಗ್ರಂಥದಲ್ಲಿ ಮುಂದೆ ಮಕ್ಕಳ ಪಾಲನೆಯ ಬಗ್ಗೆ ಹೇಳುವಾಗ, ಪಾಠ ಮುಗಿದ ಮೇಲೆ ಮಗುವಿಗೆ ಆಡಲು ಬಿಡಬೇಕು, ಆಟ ತಡೆದು ಸದಾ ಓದಿನಲ್ಲೇ ದಣಿಸಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಭಾವದ ಮಾತಿದೆ. ಸಂಜೆ ಶಾಲೆಯಿಂದ ಬಂದ ಮಗುವನ್ನು ನೇರವಾಗಿ ಟ್ಯೂಶನ್‌ಗೆ ಅಟ್ಟುವ ತಂದೆತಾಯಿಗಳಿಗೆ ಒಂಬತ್ತು ಶತಮಾನಗಳ ಹಿಂದಿನ ಬುದ್ಧಿಮಾತು ಇದು.

ಗಝಾಲಿಯವರ ನಂತರದ ಶತಮಾನದಲ್ಲಿ, ಸುಮಾರು 1200ರ ಹೊತ್ತಿಗೆ, ಮಧ್ಯ ಏಷ್ಯಾದ ಬುರ್ಹಾನುದ್ದೀನ್ ಝರ್ನೂಜಿ ವಿದ್ಯಾರ್ಥಿಗಳಿಗಾಗಿ ‘ತಅ್‌ಲೀಮುಲ್ ಮುತಅಲ್ಲಿಮ್’ ಎಂಬ ಕಿರುಗ್ರಂಥ ರಚಿಸಿದರು. ಹದಿಮೂರು ಅಧ್ಯಾಯಗಳ ಈ ಪುಸ್ತಕ ಇಂದಿಗೂ ಹಲವು ದೇಶಗಳ ಮದರಸಾಗಳಲ್ಲಿ ಪಾಠವಾಗಿದೆ. ಗುರುವಿನ ಮುಂದೆ ನಡೆಯಬಾರದು, ಗುರುವಿನ ಆಸನದಲ್ಲಿ ಕೂರಬಾರದು, ಅನುಮತಿಯಿಲ್ಲದೆ ಮಾತು ಆರಂಭಿಸಬಾರದು, ಗುರು ದಣಿದಿರುವಾಗ ಪ್ರಶ್ನೆ ಕೇಳಬಾರದು ಎಂಬ ನಿಯಮಗಳು ಅದರಲ್ಲಿವೆ. ನಾವು ಸಾಮಾನ್ಯವಾಗಿ ಇಷ್ಟನ್ನೇ ಓದಿ ಪುಸ್ತಕ ಮುಚ್ಚುತ್ತೇವೆ. ಆದರೆ ಅದೇ ಝರ್ನೂಜಿ, ಆರಂಭದ ಪಾಠ ಎರಡು ಬಾರಿ ಓದಿದರೆ ಮನಸ್ಸಿನಲ್ಲಿ ನಿಲ್ಲುವಷ್ಟು ಚಿಕ್ಕದಾಗಿರಬೇಕು, ನಂತರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎನ್ನುತ್ತಾರೆ. ಸಹಪಾಠಿಗಳೊಂದಿಗೆ ಒಂದು ಗಂಟೆ ಪ್ರಶ್ನೋತ್ತರ ನಡೆಸುವುದು ಒಂದು ತಿಂಗಳ ಬಾಯಿಪಾಠಕ್ಕಿಂತ ಮೇಲು ಎಂಬ ಮಾತೂ ಅಲ್ಲಿದೆ. ಅಂದರೆ ಪ್ರಶ್ನೆಯ ಸಮಯ ಮತ್ತು ರೀತಿಗೆ ಅವರು ಅದಬನ್ನು ಕಲಿಸಿದರು, ಪ್ರಶ್ನೆಯನ್ನೇ ನಿಷೇಧಿಸಲಿಲ್ಲ.

ಮೌನದ ವಿದ್ಯಾರ್ಥಿಗಳನ್ನು ಕಂಡ ಇಬ್ನ್ ಖಲ್ದೂನ್

ಹದಿನಾಲ್ಕನೇ ಶತಮಾನದ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಅದನ್ನು ಕಣ್ಣಾರೆ ಕಂಡು ಬರೆದವರು ಟ್ಯೂನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ (1332-1406). 1377ರಲ್ಲಿ ಬರೆದ ‘ಮುಖದ್ದಿಮಾ’ದಲ್ಲಿ ಅವರು ತಮ್ಮ ಕಾಲದ ಮೊರಾಕ್ಕೊದ ವಿದ್ಯಾರ್ಥಿಗಳನ್ನು ವರ್ಣಿಸಿದ್ದಾರೆ. ಅವರು ಜೀವನದ ಬಹುಭಾಗ ಪಾಠದ ಸಭೆಗಳಲ್ಲಿ ಕಳೆಯುತ್ತಾರೆ, ಆದರೆ ಬಾಯಿ ತೆರೆಯುವುದಿಲ್ಲ, ಚರ್ಚೆಗೆ ಬರುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಬಾಯಿಪಾಠದಲ್ಲೇ ಮುಳುಗಿರುತ್ತಾರೆ. ಕಂಠಪಾಠದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಆದರೂ ತಮ್ಮ ವಿದ್ಯೆಯನ್ನು ಬಳಸಿ ಮಾತನಾಡಬೇಕಾದಾಗ ಸೋಲುತ್ತಾರೆ. ಅಲ್ಲಿ ಮದರಸಾದಲ್ಲಿ ಇರಬೇಕಾದ ಅವಧಿ 16 ವರ್ಷ, ಟ್ಯೂನಿಸ್‌ನಲ್ಲಿ 5 ವರ್ಷ. ಹದಿನಾರು ವರ್ಷ ಬೇಕಾದದ್ದು ಬೋಧನಾಕ್ರಮದ ದೋಷದಿಂದಲೇ ಹೊರತು ಬೇರೆ ಕಾರಣದಿಂದಲ್ಲ ಎಂಬುದು ಅವರ ತೀರ್ಮಾನ. ವಿದ್ಯೆ ಕೈವಶವಾಗಲು ಅತ್ಯಂತ ಸುಲಭ ದಾರಿ ನಾಲಿಗೆಯನ್ನು ಚರ್ಚೆಯಲ್ಲಿ ಪಳಗಿಸುವುದು ಎಂದು ಅವರು ಹೇಳಿದ್ದಾರೆ.

ಇಷ್ಟಕ್ಕೇ ನಿಲ್ಲದೆ, ವಿದ್ಯಾರ್ಥಿಗಳ ಮೇಲಿನ ಕಠೋರತೆಯಿಂದ ಆಗುವ ಹಾನಿಯ ಬಗ್ಗೆ ಇಬ್ನ್ ಖಲ್ದೂನ್ ಪ್ರತ್ಯೇಕ ಅಧ್ಯಾಯವನ್ನೇ ಬರೆದರು. ಹೊಡೆತದಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಂಡು ಸೋಮಾರಿಯಾಗುತ್ತದೆ. ಏಟಿನಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳುವುದನ್ನೂ ಮನಸ್ಸಿನಲ್ಲಿ ಒಂದಿಟ್ಟುಕೊಂಡು ಹೊರಗೆ ಇನ್ನೊಂದು ತೋರಿಸುವುದನ್ನೂ ಕಲಿಯುತ್ತದೆ. ಕ್ರಮೇಣ ಅದೇ ಅದರ ಸ್ವಭಾವವಾಗಿಬಿಡುತ್ತದೆ. ದಬ್ಬಾಳಿಕೆಗೆ ಸಿಕ್ಕ ಜನಾಂಗಗಳಿಗೂ ಇದೇ ಗತಿ ಎಂದು ಅವರು ಹೋಲಿಸುತ್ತಾರೆ. ನಮ್ಮ ದೇಶದಲ್ಲಿ ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿತು. ಈ ವಿಚಾರ ಯಾರೋ ಹೊರಗಿನವರು ನಮ್ಮ ಮೇಲೆ ಹೇರಿದ್ದು ಎಂದು ಗೊಣಗುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಅವರು ಒಮ್ಮೆ ಇಬ್ನ್ ಖಲ್ದೂನರನ್ನು ಓದಲಿ.

ಬೀದರದ ಕಟ್ಟಡ ಮತ್ತು ‘ತಕರಾರು’ ಎಂಬ ಪದ

ನಮ್ಮ ನಾಡಿಗೂ ಈ ಪರಂಪರೆಯಲ್ಲಿ ದೊಡ್ಡ ಪಾಲಿದೆ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಮದರಸಾದ ಅವಶೇಷವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಗಾವಾನ್ ಸ್ವತಃ ವಿದ್ವಾಂಸರು, ಪತ್ರಲೇಖನ ಕಲೆಯ ಬಗ್ಗೆ ಪಾರಸಿಯಲ್ಲಿ ಗ್ರಂಥ ಬರೆದವರು. ಆ ಕಟ್ಟಡದ ರಚನೆಯನ್ನು ಶಿಕ್ಷಕನ ಕಣ್ಣಿನಿಂದ ನೋಡಬೇಕು. ನಡುವೆ ತೆರೆದ ಅಂಗಳ, ಸುತ್ತ ಉಪನ್ಯಾಸದ ಹಜಾರಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ವಾಸದ ಕೋಣೆಗಳು, ಎಲ್ಲವೂ ಒಂದೇ ಸೂರಿನಡಿ. ಗುರು ಗಂಟೆ ಬಾರಿಸಿದೊಡನೆ ಹೊರಟುಹೋಗುವವನಾಗಿರಲಿಲ್ಲ. ಶಿಷ್ಯನ ಊಟ, ನಿದ್ದೆ, ಕಾಯಿಲೆ ಎಲ್ಲವೂ ಅವನ ಕಣ್ಣಮುಂದೆಯೇ ಇರುತ್ತಿತ್ತು. 1481ರಲ್ಲಿ ಪಿತೂರಿಗೆ ಬಲಿಯಾಗಿ ಗಾವಾನ್ ಮರಣದಂಡನೆಗೆ ಗುರಿಯಾದರು. ಹದಿನೇಳನೇ ಶತಮಾನದ ಕೊನೆಯಲ್ಲಿ ಒಂದು ಸ್ಫೋಟದಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಒಂದು ಮಿನಾರು ಇಂದಿಗೂ ನಿಂತಿದೆ.

ಉತ್ತರ ಭಾರತದಲ್ಲಿ ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನ್ (ನಿಧನ 1748) ರೂಪಿಸಿದ ಪಠ್ಯಕ್ರಮ ‘ದರ್ಸೆ ನಿಝಾಮಿ’ ಎಂದು ಹೆಸರಾಯಿತು. ಪ್ರತಿ ವಿಷಯದಲ್ಲಿ ಕಠಿಣವಾದ ಒಂದೆರಡು ಗ್ರಂಥಗಳನ್ನು ಗುರುವಿನ ಬಳಿ ಸರಿಯಾಗಿ ಓದಿದರೆ ಉಳಿದದ್ದನ್ನು ವಿದ್ಯಾರ್ಥಿ ತಾನೇ ಓದಬಲ್ಲ ಎಂಬುದು ಅದರ ಹಿಂದಿನ ಆಲೋಚನೆ. ಈ ಮದರಸಾಗಳಲ್ಲಿ ಒಂದು ಸುಂದರ ಪದ್ಧತಿ ಇದೆ. ಗುರು ಹೇಳಿದ ಪಾಠವನ್ನು ಸಂಜೆ ಒಬ್ಬ ವಿದ್ಯಾರ್ಥಿ ಉಳಿದವರಿಗೆ ಮತ್ತೊಮ್ಮೆ ಹೇಳುತ್ತಾನೆ, ಉಳಿದವರು ತಡೆದು ಕೇಳುತ್ತಾರೆ. ಇದಕ್ಕೆ ‘ತಕ್ರಾರ್’ ಎಂದು ಹೆಸರು. ಅರಬೀಯಲ್ಲಿ ಈ ಪದಕ್ಕೆ ಮತ್ತೆ ಮತ್ತೆ ಹೇಳುವುದು ಎಂದರ್ಥ. ಉರ್ದುವಿನಲ್ಲಿ ವಾಗ್ವಾದ ಎಂಬ ಅರ್ಥ ಬಂತು. ಕನ್ನಡಕ್ಕೆ ಬಂದಾಗ ಅದೇ ಪದ ‘ತಕರಾರು’ ಆಯಿತು. ಎರಡು ಭಾಷೆ ಕಲಿಸುವ ನನಗೆ ಈ ಪದದ ಪ್ರಯಾಣ ಬಹಳ ಇಷ್ಟ. ಪಾಠವನ್ನು ಮತ್ತೆ ಹೇಳಲು ಹೊರಟವನಿಗೆ ತಕರಾರು ಎದುರಾಗಲೇಬೇಕು, ಎದುರಾದರೆ ಮಾತ್ರ ಪಾಠ ಗಟ್ಟಿಯಾಗುತ್ತದೆ.

ನೊಂದ ವಿದ್ಯಾರ್ಥಿಗಳೇ ಸುಧಾರಕರಾದರು

ಹತ್ತೊಂಬತ್ತನೇ ಶತಮಾನದ ಈಜಿಪ್ಟಿನ ಒಂದು ಘಟನೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಮುಹಮ್ಮದ್ ಅಬ್ದುಹು (1849-1905) ಎಂಬ ಹಳ್ಳಿಯ ಹುಡುಗನನ್ನು ತಂದೆ ತಂತಾ ನಗರದ ಅಹ್ಮದೀ ಮಸೀದಿಯ ಮದರಸಾಕ್ಕೆ ಕಳುಹಿಸಿದರು. ಅಲ್ಲಿ ಗುರುಗಳು ವ್ಯಾಕರಣದ, ಧರ್ಮಶಾಸ್ತ್ರದ ಪಾರಿಭಾಷಿಕ ಪದಗಳನ್ನು ಅರ್ಥ ವಿವರಿಸದೆ ಒಂದರ ಮೇಲೊಂದು ಹೇಳುತ್ತ ಹೋಗುತ್ತಿದ್ದರು. ಸುಮಾರು ಒಂದೂವರೆ ವರ್ಷ ಕುಳಿತರೂ ಹುಡುಗನಿಗೆ ಒಂದಕ್ಷರ ಅರ್ಥವಾಗಲಿಲ್ಲ. ವಿದ್ಯೆ ತನ್ನ ಹಣೆಯಲ್ಲಿ ಬರೆದಿಲ್ಲವೆಂದು ತೀರ್ಮಾನಿಸಿ ಓಡಿಹೋದ. ಹಿಡಿದು ತಂದರೂ ನಿಲ್ಲಲಿಲ್ಲ. ಊರಿಗೆ ಬಂದು ಬೇಸಾಯ ಮಾಡಲು ನಿಶ್ಚಯಿಸಿದ, ಮದುವೆಯೂ ಆಯಿತು. ತಂದೆ ಮತ್ತೆ ಬಲವಂತದಿಂದ ಕಳುಹಿಸಿದಾಗ ದಾರಿಯಲ್ಲೇ ತಪ್ಪಿಸಿಕೊಂಡು ಸಂಬಂಧಿಕರ ಹಳ್ಳಿಗೆ ಹೋದ.

ಅಲ್ಲಿ ತಂದೆಯ ಕಡೆಯ ಹಿರಿಯ ಬಂಧು ಶೈಖ್ ದರ್ವೇಶ್ ಎಂಬ ಸೂಫಿ ಇದ್ದರು. ಅವರು ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ಒಂದು ಪುಸ್ತಕ ತಂದು, ನನಗೆ ಕಣ್ಣು ಮಂದವಾಗಿದೆ, ಸ್ವಲ್ಪ ಓದಿ ಹೇಳುತ್ತೀಯಾ ಎಂದು ಕೇಳಿದರು. ಹುಡುಗ ಸಿಟ್ಟಿನಿಂದ ಪುಸ್ತಕ ಎಸೆದ. ಶೈಖ್ ನಸುನಕ್ಕು ಅದನ್ನು ಎತ್ತಿಕೊಂಡು ಮತ್ತೆ ಕೇಳಿದರು. ನಾಚಿಕೆಯಾಗಿ ಕೆಲವು ಸಾಲು ಓದಿದ. ಪ್ರತಿ ಸಾಲಿನ ಅರ್ಥವನ್ನು ಅವರು ಸರಳ ಮಾತಿನಲ್ಲಿ ಬಿಡಿಸಿ ಹೇಳಿದರು. ಮರುದಿನವೂ ಅಷ್ಟೇ. ಕೆಲವೇ ದಿನಗಳಲ್ಲಿ, ಆಟಕ್ಕೆ ಕರೆಯಲು ಬಂದ ಗೆಳೆಯರಿಂದ ತಪ್ಪಿಸಿಕೊಂಡು ಓದಲು ಕೂರುವಂತಾದ. 1866ರಲ್ಲಿ ಅವನು ಅಲ್ ಅಝ್‌ಹರ್ ಸೇರಿದ. 1899ರಲ್ಲಿ ಈಜಿಪ್ಟಿನ ಮುಫ್ತಿಯಾದ ಶೈಖ್ ಮುಹಮ್ಮದ್ ಅಬ್ದುಹು ಆ ಹುಡುಗನೇ. ಅಝ್‌ಹರ್‌ನ ಬೋಧನಾಕ್ರಮ ಸುಧಾರಿಸಲು ಅವರು ಅಷ್ಟೊಂದು ಹೆಣಗಾಡಿದ್ದು ಏಕೆಂದು ಈಗ ನಮಗೆ ಅರ್ಥವಾಗುತ್ತದೆ. ಒಂದೂವರೆ ವರ್ಷದ ಪಾಠ ಕೊಲ್ಲುತ್ತಿದ್ದ ಆಸಕ್ತಿಯನ್ನು ಒಬ್ಬ ಹಿರಿಯರ ಕೆಲವು ದಿನಗಳ ಮಾತುಕತೆ ಬದುಕಿಸಿತು.

ಅದೇ ನಾಡಿನ ತಾಹಾ ಹುಸೈನ್ (1889-1973) ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಅಝ್‌ಹರ್ ಪ್ರವೇಶದ ದಿನ ಪರೀಕ್ಷಕರು ಹೆಸರು ಹಿಡಿಯದೆ ‘ಕುರುಡ’ ಎಂದು ಕರೆದದ್ದು ಆ ಬಾಲಕನ ಮನಸ್ಸಿಗೆ ಎಷ್ಟು ಆಳವಾಗಿ ಚುಚ್ಚಿತೆಂದರೆ, ದಶಕಗಳ ನಂತರ ಬರೆದ ಆತ್ಮಕಥೆ ‘ಅಲ್ ಅಯ್ಯಾಮ್’ನಲ್ಲಿ ಅದನ್ನು ಮರೆಯದೆ ದಾಖಲಿಸಿದರು. ಆ ಪರೀಕ್ಷಕರಿಗೆ ಅದು ಕ್ಷಣಮಾತ್ರದ ಮಾತು. ಮಗುವಿಗೆ ಜೀವಮಾನದ ನೆನಪು. 1950ರಲ್ಲಿ ಈಜಿಪ್ಟಿನ ಶಿಕ್ಷಣ ಮಂತ್ರಿಯಾದಾಗ ತಾಹಾ ಹುಸೈನ್, ವಿದ್ಯೆ ನೀರು-ಗಾಳಿಯಂತೆ ಎಲ್ಲರಿಗೂ ಸಿಗಬೇಕೆಂದು ಸಾರಿ ಉಚಿತ ಶಿಕ್ಷಣವನ್ನು ವಿಸ್ತರಿಸಿದರು.

ನಮ್ಮ ದೇಶದಲ್ಲಿ 1866ರಲ್ಲಿ ದೇವಬಂದ್‌ನ ಒಂದು ಮಸೀದಿಯ ಅಂಗಳದಲ್ಲಿ, ದಾಳಿಂಬೆ ಮರದ ಕೆಳಗೆ, ಒಬ್ಬ ಗುರು ಮತ್ತು ಒಬ್ಬ ಶಿಷ್ಯನಿಂದ ದಾರುಲ್ ಉಲೂಮ್ ಆರಂಭವಾಯಿತು. ಗುರುವಿನ ಹೆಸರು ಮುಲ್ಲಾ ಮಹಮೂದ್, ಶಿಷ್ಯನ ಹೆಸರು ಮಹಮೂದ್ ಹಸನ್. ಈ ಶಿಷ್ಯ ಮುಂದೆ ಶೈಖುಲ್ ಹಿಂದ್ ಎನಿಸಿಕೊಂಡು, ಬ್ರಿಟಿಷರ ಬಂಧನದಲ್ಲಿ ಮಾಲ್ಟಾ ದ್ವೀಪಕ್ಕೆ ಸಾಗಿಸಲ್ಪಟ್ಟಾಗ, ಅವರ ಶಿಷ್ಯ ಹುಸೈನ್ ಅಹ್ಮದ್ ಮದನಿ ಗುರುವಿನೊಂದಿಗೆ ಸೆರೆವಾಸ ಅನುಭವಿಸಿದರು. ಬಿಡುಗಡೆಯಾಗಿ ಬಂದ ಶೈಖುಲ್ ಹಿಂದ್ ಕಾಯಿಲೆಯಲ್ಲಿದ್ದರೂ 1920ರ ಅಕ್ಟೋಬರಿನಲ್ಲಿ ಅಲಿಘರ್‌ನಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾಕ್ಕೆ ಚಾಲನೆ ಕೊಟ್ಟರು. ಆ ಜಾಮಿಯಾವನ್ನು 1926ರಿಂದ 1948ರವರೆಗೆ ಕಟ್ಟಿ ಬೆಳೆಸಿದವರು ಮುಂದೆ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೇನ್. ಸಂಸ್ಥೆ ಮುಚ್ಚುವ ಸ್ಥಿತಿಗೆ ಬಂದಾಗ ಅವರೂ ಸಹೋದ್ಯೋಗಿಗಳೂ 150 ರೂಪಾಯಿ ಮೀರದ ಸಂಬಳದಲ್ಲಿ 20 ವರ್ಷ ದುಡಿಯುವ ಪ್ರತಿಜ್ಞೆ ಮಾಡಿದರು. ಕೊಳೆಯಾದ ಬೂಟು ಹಾಕಿಕೊಂಡು ಬರುತ್ತಿದ್ದ ಹುಡುಗರನ್ನು ಗದರಿಸದೆ, ಒಂದು ದಿನ ಬ್ರಷ್ಷು, ಪಾಲಿಶ್ ಹಿಡಿದು ಝಾಕಿರ್ ಸಾಹೇಬರೇ ಗೇಟಿನ ಬಳಿ ಕುಳಿತರೆಂಬ ಕಥೆ ಶಿಕ್ಷಕರ ನಡುವೆ ಪ್ರಚಲಿತವಾಗಿದೆ. ತಪ್ಪನ್ನು ಸೂಚ್ಯವಾಗಿ ತಿದ್ದಬೇಕೆಂಬ ಗಝಾಲಿಯವರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಮ್ಮ ತರಗತಿಗೆ ಹಿಂತಿರುಗಿ

ಈ ಇತಿಹಾಸದಿಂದ ನನಗೆ ಕಾಣುವುದು ಇಷ್ಟು. ನಮ್ಮ ಪರಂಪರೆಯಲ್ಲಿ ಎರಡು ಧಾರೆಗಳು ಜೊತೆಜೊತೆಯಾಗಿ ಹರಿದಿವೆ. ಒಂದು ಪ್ರಶ್ನೆಯ ಧಾರೆ, ಇನ್ನೊಂದು ಬೆತ್ತ ಮತ್ತು ಮೌನದ ಧಾರೆ. ಎರಡನೆಯದನ್ನೇ ನಮ್ಮ ಸಂಪ್ರದಾಯವೆಂದು ಭಾವಿಸಿದ್ದು ನಮ್ಮ ತಪ್ಪು. ನಾವು ಹೆಸರು ಹೇಳಿ ಹೆಮ್ಮೆಪಡುವ ವಿದ್ವಾಂಸರೆಲ್ಲ ಮೊದಲನೆಯದರ ಪರವಾಗಿ ನಿಂತವರು.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ: ದಿನಕ್ಕೆ ಐದು ನಿಮಿಷವಾದರೂ ಮಕ್ಕಳ ಪ್ರಶ್ನೆಗಾಗಿಯೇ ಮೀಸಲಿಡೋಣ. ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ನೋಡಿ ಹೇಳ್ತೀನಿ” ಎನ್ನಲು ನಾಚದಿರೋಣ. ಪಾಠಕ್ಕೆ ಬಾರದ ಮಗುವಿನ ಬಗ್ಗೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕುವುದರ ಜೊತೆಗೆ, ಅಬೂ ಹನೀಫಾರಂತೆ ಕಾರಣವನ್ನೂ ವಿಚಾರಿಸೋಣ. ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಉತ್ತರ ಗೊತ್ತಿದ್ದೂ ನಾಚಿಕೆಯಿಂದ ಸುಮ್ಮನಾದ ಬಾಲಕ ಇಬ್ನ್ ಉಮರರನ್ನು ನೆನೆಯಿರಿ. ವಿನಯದಿಂದ ಕೈ ಎತ್ತಿ, ಸಮಯ ನೋಡಿ ಕೇಳಿ, ಆದರೆ ಕೇಳದೆ ಇರಬೇಡಿ. ಕೇಳುವುದೂ ಅದಬ್‌ನ ಒಂದು ಭಾಗವೇ.

ಕೊನೆಯದಾಗಿ ಆ ಹುಡುಗನ ವಿಷಯ. ಕಳೆದ ವರ್ಷ ನನ್ನ ಬೈಕ್ ಕೆಟ್ಟು ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದಾಗ ಅಲ್ಲಿದ್ದವನು ಅವನೇ. “ಸಲಾಂ ಸರ್” ಎಂದು ಸ್ಟೂಲು ಒರೆಸಿ ಕೂರಿಸಿದ. ಕೆಲಸ ಮುಗಿಯುವವರೆಗೂ ಪಕ್ಕದಲ್ಲಿದ್ದ ಸಣ್ಣ ಹುಡುಗನಿಗೆ ಯಾವ ಭಾಗ ಯಾಕೆ ಕೆಟ್ಟಿದೆ, ಹೇಗೆ ಬಿಚ್ಚಬೇಕು ಎಂದು ತಾಳ್ಮೆಯಿಂದ ವಿವರಿಸುತ್ತಿದ್ದ. ಹುಡುಗ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ನಾನು ಹಣ ಕೊಡುವಾಗ, “ನೀನು ಎಂಟನೇ ಕ್ಲಾಸಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ?” ಎಂದೆ. ಅವನು ತಲೆ ತಗ್ಗಿಸಿ ನಕ್ಕ. “ಮನೆಯಲ್ಲಿ ಉರ್ದುವಿನಲ್ಲಿ ನೀನು ‘ಅಬ್ಬಾ ಗಯಾ’ ಅಂತೀಯೋ, ‘ಅಬ್ಬಾ ಗಯೇ’ ಅಂತೀಯೋ?” ಎಂದು ಕೇಳಿದೆ. “ಗಯೇ ಅಂತೀವಿ ಸರ್” ಎಂದ. ಒಂದು ಕ್ಷಣ ತಡೆದು, “ಓ, ಅದಕ್ಕೇನಾ ‘ಹೋದರು’?” ಎಂದ.

ಉತ್ತರ ಅವನ ಮಾತೃಭಾಷೆಯಲ್ಲೇ ಇತ್ತು. ಅಂದು ಅದನ್ನು ಹೇಳಲು ನನಗೆ ಬೇಕಾಗಿದ್ದದ್ದು ಅರ್ಧ ನಿಮಿಷ. ಅದೇ ಅರ್ಧ ನಿಮಿಷವನ್ನು ನಾನು ಗದರಿಸಲು ಬಳಸಿದೆ. ನಮ್ಮ ಶಾಲೆಗಳಲ್ಲಿ, ಮದರಸಾಗಳಲ್ಲಿ ಇಂದು ಕೈ ಎತ್ತುತ್ತಿರುವ ಪ್ರತಿ ಮಗುವಿಗೂ ಆ ಅರ್ಧ ನಿಮಿಷವನ್ನು ಕೊಡುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.